ಜಂಪಿಯ ಮೂಗಿನೊಳಗಿದ್ದ ಹಳೆಯ ನಾಯಿ

2022ರಲ್ಲಿ ನಾನು ಸವದತ್ತಿಯಲ್ಲಿ ಪಶುವೈದ್ಯನಾಗಿದ್ದೆ. ಎಮ್ಮೆಯ ಗರ್ಭಪರೀಕ್ಷೆ, ಎತ್ತಿನ ಕುಂಟು, ಕುರಿಗಳ ಲಸಿಕೆ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ನಾಯಿಗೆ ಚಿಕಿತ್ಸೆ ಕೇಳಿಕೊಂಡು ಬರುವವರು ಕಡಿಮೆ. ಅಂಥದ್ದರಲ್ಲಿ ಉಗರಗೋಳದ ರೇಣವ್ವ ಮತ್ತು ಅವಳ ಗಂಡ ಯಲ್ಲಪ್ಪ, ಜಂಪಿ ಎಂಬ ಕಂದು ನಾಯಿಯನ್ನು ಟಂಟಂ ಆಟೊದಲ್ಲಿ ಕರೆತಂದರು. ಊರ ಪಕ್ಕದ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಭಂಡಾರ, ಅಂದರೆ ದೇವಿಯ ಅರಿಸಿನ ಪುಡಿ, ಮಾರುವ ಅಂಗಡಿ ಅವರದು.

ಜಂಪಿಯ ಮೂಗಿನ ಮೇಲೆ ಗಡ್ಡೆ ಉಬ್ಬಿತ್ತು. ಸೀನಿದಾಗಲೆಲ್ಲ ರಕ್ತ. ಅನ್ನ ಬಿಟ್ಟಿತ್ತು. ಇದು ಕ್ಯಾನ್ಸರ್, ಉಳಿಯುವುದಿಲ್ಲ ಎಂದು ಯಾರೋ ಹೇಳಿದ್ದರಂತೆ.

"ಡಾಕ್ಟ್ರ, ಇದರ ಸಂಕಟ ನೋಡಾಕ ಆಗವಲ್ದ್ರಿ. ಒಂದ್ ಸೂಜಿ ಹಾಕಿ ಮಲಗಿಸಿಬಿಡ್ರಿ," ಎಂದ ಯಲ್ಲಪ್ಪ. ರೇಣವ್ವ ಗಂಡನ ಮುಖ ನೋಡಲಿಲ್ಲ. ನಾಯಿಯ ಕಿವಿ ಸವರುತ್ತ ಕೂತಿದ್ದಳು.

ನನ್ನ ಅನುಮಾನವೂ ಕ್ಯಾನ್ಸರೇ. ಆದರೆ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಮೂಗಿನ ಹೆಚ್ಚಿನ ಗಡ್ಡೆಗಳಿಗೆ ನನ್ನಂಥವನ ಬಳಿ ಮದ್ದಿಲ್ಲ. ಒಂದು ಬಗೆಯದು ಮಾತ್ರ ಇಂಜೆಕ್ಷನ್ನಿಗೆ ಕರಗುತ್ತದೆ. ಹೊರಗಿನಿಂದ ಎಲ್ಲವೂ ಒಂದೇ ಥರ. ಗಡ್ಡೆಯಿಂದ ಕೆಲವು ಜೀವಕೋಶ ತೆಗೆದು, ಸ್ಲೈಡಿಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಇದೇ ಸೈಟಾಲಜಿ.

ನೋಡಿದೆ. ಬರೀ ಹಳದಿ ಉಂಡೆಗಳು, ನಡುವೆ ಕೀವು. ಒಂದು ಕೋಶವೂ ನೆಟ್ಟಗೆ ಕಾಣಲಿಲ್ಲ.

"ಮೂಗಿಗೆ ಏನ್ ಹಾಕೀರಿ?"

"ತಾಯಿ ಭಂಡಾರ್ರಿ. ಮುಂಜಾನಿ, ಸಂಜಿ ಮೂಗಿನಾಗ ತುಂಬತೇನ್ರಿ," ಎಂದಳು ರೇಣವ್ವ.

ನಗು ಬಂತು, ನುಂಗಿಕೊಂಡೆ. ನಾಯಿ ಇನ್ನೂ ಉಳಿದಿರುವುದೇ ಭಂಡಾರದಿಂದ ಎಂದು ಅವಳು ನಂಬಿದ್ದಳು. ಅದನ್ನು ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. "ಹಣಿಗೆ ಎಷ್ಟ್ ಬೇಕಾದ್ರೂ ಹಚ್ಚ್ರಿ, ಮೂಗಿನಾಗ ಮಾತ್ರ ಬ್ಯಾಡ್ರಿ. ಖಾತ್ರಿ ಆಗೂತನಕ ನಾನೂ ಆ ಸೂಜಿ ಮುಟ್ಟೂದಿಲ್ಲ," ಎಂದೆ. ನೋವಿಗೆ, ಕೀವಿಗೆ ಔಷಧ ಕೊಟ್ಟು ಕಳಿಸಿದೆ.

ಮರುವಾರ ಜಂಪಿ ಮದುಮಗನ ಹಾಗೆ ಹಣೆತುಂಬ ಹಳದಿ ಬಳಿದುಕೊಂಡು ಬಂತು. ಮೂಗು ಮಾತ್ರ ಸ್ವಚ್ಛ. ಮತ್ತೆ ಸ್ಲೈಡ್ ಮಾಡಿದೆ. ಈ ಸಲ ದುಂಡನೆಯ ಕೋಶಗಳು ರಾಶಿರಾಶಿಯಾಗಿ ಕಂಡವು. ಒಂದೊಂದರೊಳಗೂ ತಿಳಿಯಾದ ಪುಟ್ಟ ಗುಳ್ಳೆಗಳ ಸಾಲು. ಟಿವಿಟಿ ಎಂಬ ಗಡ್ಡೆಯ ಗುರುತದು. ನಾನು ಬೇಡಿಕೊಳ್ಳುತ್ತಿದ್ದ ಆ ಒಂದು ಬಗೆ!

ಖುಷಿಯ ಹಿಂದೆಯೇ ಮೈ ಜುಮ್ಮೆಂದಿತು. ಟಿವಿಟಿಯ ಕೋಶಗಳು ರೋಗಿಯ ಮೈಯವಲ್ಲ. ಸಾವಿರಾರು ವರ್ಷಗಳ ಹಿಂದೆ ಎಲ್ಲಿಯೋ ಒಂದು ನಾಯಿಗೆ ಹುಟ್ಟಿದ ಗಡ್ಡೆ ಅದು. ಕೂಡುವಾಗ, ಮೂಸುವಾಗ, ನೆಕ್ಕುವಾಗ ಜೀವಂತ ಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತ ಬಂದಿವೆ. ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಆದರೆ ಆ ಪುರಾತನ ಜೀವ ಉಗರಗೋಳದ ಅಂಗಡಿಯ ನಾಯಿಯೊಳಗೆ ಕೂತು ನನ್ನತ್ತ ನೋಡುತ್ತಿದೆ ಎನ್ನಿಸಿದ್ದು ಆವತ್ತೇ.

ಇಬ್ಬರನ್ನೂ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿ, ವಿಷಯ ಬಿಡಿಸಿ ಹೇಳಿದೆ. ರೇಣವ್ವ ಬಹಳ ಹೊತ್ತು ಕಣ್ಣು ಕೀಳಲಿಲ್ಲ.

"ಅಷ್ಟ್ ವರ್ಷದ ನಾಯಿ ಇನ್ನೂ ಬದಕೇತೇನ್ರಿ? ಅದನ್ನ ಕೊಲ್ಲಾಕ ನಿಮಗ ಮನಸ್ಸು ಬರತೈತೇನ್ರಿ?"

ಯಲ್ಲಪ್ಪ ಮೆಲ್ಲಗೆ ಹೆಂಡತಿಗೆ, "ನಮ್ಮ ನಾಯಿ ಉಳೀಲಿ ಬಿಡ," ಎಂದ.

ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧವನ್ನು ನರಕ್ಕೆ ಕೊಟ್ಟೆ, ಪ್ರತಿ ಸಲವೂ ರಕ್ತ ಪರೀಕ್ಷಿಸಿಯೇ. ಎರಡನೆಯ ವಾರಕ್ಕೆ ರಕ್ತ ನಿಂತಿತು. ಗಡ್ಡೆ ಇಳಿಯುತ್ತ ಹೋಯಿತು. ಜಂಪಿ ಅನ್ನ ತಿಂದು, ನನ್ನನ್ನು ಕಂಡು ಗುರ್ರೆನ್ನುವಷ್ಟು ಸುಧಾರಿಸಿತು.

ಕೊನೆಯ ಸ್ಲೈಡಿನಲ್ಲಿ ಆ ಗುಳ್ಳೆಯ ಕೋಶ ಒಂದೂ ಸಿಗಲಿಲ್ಲ. ರೇಣವ್ವ ತಾನೂ ನೋಡುತ್ತೇನೆಂದು ಬಗ್ಗಿದಳು.

"ಹೋತೇನ್ರಿ?"

"ಹೋತು."

"ಹಂಗಾರ ಈಗ ಇದರೊಳಗ ಬರೀ ನಮ್ಮ ಜಂಪಿನ ಐತಿ," ಎಂದು ಅದನ್ನು ಎದೆಗವುಚಿಕೊಂಡು ಅತ್ತುಬಿಟ್ಟಳು.

ಕಣ್ಣಿಗೆ ಒಂದೇ ಥರ ಕಾಣುವ ಎರಡು ಗಡ್ಡೆಗಳಲ್ಲಿ ಒಂದು ಸಾವು, ಇನ್ನೊಂದು ಬದುಕು. ಯಾವುದೆಂದು ತಿಳಿಯುವ ಮೊದಲು ಸೂಜಿ ಎತ್ತಬಾರದೆಂದು ಕಾಲೇಜಿನಲ್ಲೂ ಹೇಳಿದ್ದರು. ಅದು ನನ್ನ ಮನಸ್ಸಿಗೆ ಇಳಿದದ್ದು ರೇಣವ್ವ ಅತ್ತ ಆ ದಿನ.