ಅಪ್ಪ ಬರೆದುಕೊಟ್ಟ ಶಿಫಾರಸು ಪತ್ರ

ನಮ್ಮಪ್ಪ ಐದು ವರ್ಷ ರಾಜ್ಯಪಾಲರಾಗಿದ್ದವರು. ಅವಧಿ ಮುಗಿದ ಮರುವರ್ಷ, ಟೋಕಿಯೋದ ಎಡೋಗಾವಾದಲ್ಲಿದ್ದ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಮೂರು ತಿಂಗಳು ಇರಲೆಂದು ಬಂದರು. ಮೊದಲ ದಿನ ಬಾಗಿಲ ಮುಂದೆ ಸುಮ್ಮನೆ ನಿಂತುಬಿಟ್ಟರು. ಯಾರಾದರೂ ಬಂದು ತೆಗೆಯುತ್ತಾರೆಂದು ಕಾಯುತ್ತಿದ್ದರು, ಅಷ್ಟೇ. ಮಾರನೆಯ ದಿನ ಬೀದಿ ಕೊನೆಯ ಕೊಂಬಿನಿ ಅಂಗಡಿಗೆ ಕರೆದೊಯ್ದೆ. ಅದರ ಗಾಜಿನ ಬಾಗಿಲು ತಾನಾಗಿ ಸರಿಯಿತು. "ಈ ದೇಶದೋರಿಗೆ ಪ್ರೋಟೋಕಾಲ್ ಗೊತ್ತಮ್ಮ," ಎಂದು ಗತ್ತಿನಿಂದ ಒಳಗೆ ಹೋದರು.

ಅಪ್ಪ ಕಾಲೇಜು ಮುಷ್ಕರದಲ್ಲಿ ಜೈಲು ಕಂಡವರು. ಪುರಸಭೆ ಸದಸ್ಯರಾದರು, ವಿಧಾನಸಭೆಗೆ ನಿಂತು ಎರಡು ಸಲ ಸೋತರು, ಮೂರನೆಯ ಸಲ ಗೆದ್ದರು. ಕೆರೆಗಳಲ್ಲೇ ನೀರು ನಿಲ್ಲದ ಜಿಲ್ಲೆಯವರಿಗೆ ಸಿಕ್ಕಿದ್ದು ಮೀನುಗಾರಿಕೆ ಖಾತೆ. ಮುಖ್ಯಮಂತ್ರಿಗಳ ಎದುರೇ ಇದ್ದದ್ದನ್ನು ಇದ್ದ ಹಾಗೆ ಹೇಳುವ ಚಾಳಿ ಬಿಡಲಿಲ್ಲವೆಂದು ಪಕ್ಷದವರು ಕೊನೆಗೆ ದೂರದ ಗುಡ್ಡಗಾಡು ರಾಜ್ಯವೊಂದಕ್ಕೆ ರಾಜ್ಯಪಾಲರನ್ನಾಗಿ ಸಾಗಹಾಕಿದರು. "ಬಾಯಿ ಮುಚ್ಚಿಸೋಕೆ ಬಂಗ್ಲೆ ಕೊಟ್ರು," ಎಂದು ಅವರೇ ನಗುತ್ತಿದ್ದರು.

ಅವರು ಮಂತ್ರಿಯಾಗಿದ್ದಾಗ ಬೆಳಿಗ್ಗೆ ಆರಕ್ಕೇ ನಮ್ಮ ಮನೆಯ ಜಗಲಿ ತುಂಬಿಹೋಗುತ್ತಿತ್ತು. ವರ್ಗಾವಣೆಗೆ, ಹಾಸ್ಟೆಲಿಗೆ, ಕೆಲಸಕ್ಕೆ, ಕೇಳಿದವರಿಗೆಲ್ಲ ಶಿಫಾರಸು ಪತ್ರ. ನನ್ನ ಇಂಜಿನಿಯರಿಂಗ್ ಸೀಟಿಗೆ ಮಾತ್ರ ಒಂದು ಸಾಲು ಬರೆಯಲಿಲ್ಲ. "ಮಾರ್ಕ್ಸ್ ತಗೊಂಡು ಹೋಗು," ಎಂದರು. ಹಾಗೇ ಹೋದೆ. ಆದರೆ ಆ ಸಿಟ್ಟು ನನಗೆ ಮೂವತ್ತು ದಾಟಿದರೂ ಹೋಗಿರಲಿಲ್ಲ.

ಅಪ್ಪ ಬಂದಾಗ ನಾವೇ ಪೇಚಿನಲ್ಲಿದ್ದೆವು. ಎರಡು ಸಾವಿರ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಗಲಾಟೆ ಮುಗಿದು ನನ್ನ ಗಂಡನ ಪ್ರಾಜೆಕ್ಟೂ ಮುಗಿದಿತ್ತು. ಅವರು ಹಳೆಯ ಕಂಪನಿ ಬಿಟ್ಟು ಹೊಸದಾಗಿ ಶುರುವಾದ ಪುಟ್ಟ ಕಂಪನಿಯೊಂದಕ್ಕೆ ಸೇರಿದ್ದರು. ನಮ್ಮ ಬಾಡಿಗೆ ಮನೆಗೆ ಜಾಮೀನು ಕೊಟ್ಟದ್ದು ಹಳೆಯ ಕಂಪನಿ; ಹೊಸದರ ಜಾಮೀನು ನಡೆಯುವುದಿಲ್ಲ. ಈಗ ಕರಾರು ನವೀಕರಿಸಬೇಕಾದರೆ ಜಪಾನಿನವರೊಬ್ಬರು ನಮಗೆ ಜಾಮೀನು ನಿಂತು, ಅಲ್ಲಿ ಸಹಿಯ ಬದಲು ಬಳಸುವ ಹೆಸರಿನ ಮುದ್ರೆ ಒತ್ತಬೇಕು. ಇಲ್ಲವಾದರೆ ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಮಗಳು ಆಗಷ್ಟೇ ಹತ್ತಿರದ ಶಾಲೆಯ ಒಂದನೇ ಕ್ಲಾಸಿಗೆ ಸೇರಿದ್ದಳು. ವಿದೇಶಿಯರಿಗೆ ಮನೆ ಕೊಡುವವರೇ ಕಡಿಮೆ. ಗಂಡನ ಆಫೀಸಿನಲ್ಲಿ ಕೇಳಿದರೆ ಎಲ್ಲರೂ ನಯವಾಗಿ ಬಾಗಿ ಜಾರಿಕೊಳ್ಳುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ಅಪ್ಪನಿಗೆ ಬೇರೆಯದೇ ಸಂಕಟ. ಫೋನು ಬರುವುದಿಲ್ಲ, ಜಗಲಿಯಿಲ್ಲ, ಜನವಿಲ್ಲ. ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಕೆಳಗೆ ಕಾಗೆಗಳು ಕಸದ ಚೀಲ ಹರಿದು ಹರಡುತ್ತಿದ್ದವು. ಚೀಲಗಳ ಮೇಲೆ ಬಲೆ ಮುಚ್ಚುವುದು ಆ ವಾರದ ಸರದಿಯವರ ಕೆಲಸ. ಸರದಿ ನಮ್ಮದೇ, ನಾನು ಮರೆತಿದ್ದೆ. ಅಪ್ಪ ಪಂಚೆ ಎತ್ತಿಕಟ್ಟಿ ಇಳಿದುಹೋದರು. ಅಲ್ಲಿ ನೆಲಮಹಡಿಯ ಮುದುಕರೊಬ್ಬರು, ನಿವೃತ್ತ ಅಂಚೆಯವರು, ಆಗಲೇ ಪೊರಕೆ ಹಿಡಿದಿದ್ದರು. ಇಬ್ಬರೂ ಗುಡಿಸಿದರು. ನಮ್ಮ ವಾರ ಮುಗಿದ ಮೇಲೂ ಅಪ್ಪ ದಿನಾ ಇಳಿಯತೊಡಗಿದರು. ಮುದುಕರಿಗೆ "ಅಂಚೆ ಸಾನ್", ಅಂದರೆ ಅಂಚೆಯವರು, ಎಂದು ತಾವೇ ಹೆಸರಿಟ್ಟರು.

ಅಲ್ಲಿಗೇ ನಿಲ್ಲಿಸಿದ್ದರೆ ಸರಿಯಿರುತ್ತಿತ್ತು. ಕಸ ಹಾಕಲು ಬಂದವರಿಗೆಲ್ಲ ಓಟು ಕೇಳುವವರ ಹಾಗೆ ಕೈಮುಗಿಯತೊಡಗಿದರು. ಅವರು ಬಾಗುವರು, ಇವರು ಮುಗಿಯುವರು, ಅವರು ಮತ್ತೆ ಬಾಗುವರು. ಪಾಪ, ಆಫೀಸಿಗೆ ಓಡುವವರಿಗೆ ರೈಲು ತಪ್ಪುತ್ತಿತ್ತೇನೋ. ನಾನು ನಾಚಿಕೆಯಿಂದ ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋಗುತ್ತಿದ್ದೆ.

ಜಾಮೀನಿನ ವಿಷಯ ಒಂದು ದಿನ ಅಪ್ಪನ ಕಿವಿಗೆ ಬಿತ್ತು. "ಅಷ್ಟೇ ತಾನೆ? ಮೊದಲೇ ಹೇಳಬಾರದಾಗಿತ್ತಾ?" ಎಂದು ಸೂಟ್‌ಕೇಸಿನಿಂದ 'ಮಾಜಿ ರಾಜ್ಯಪಾಲರು' ಎಂದು ಅಚ್ಚಾದ ಲೆಟರ್‌ಹೆಡ್ ತೆಗೆದು, ನಮ್ಮನ್ನು ಹೊಗಳಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದೇಬಿಟ್ಟರು. ಹುಟ್ಟಿದಂದಿನಿಂದ ನನಗೆ ಬರೆದ ಮೊದಲ ಶಿಫಾರಸು! ಬೇಡವೆನ್ನಲು ಮನಸ್ಸಾಗದೆ ಅಪ್ಪನನ್ನೂ ಕರೆದುಕೊಂಡು ಹೋಗಿ ಕೊಟ್ಟೆ. ಮನೆಯೊಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ನೋಡಿದರು. "ಇವರು ನಿಮ್ಮ ತಂದೆಯವರಲ್ಲವೇ?" ಎಂದು ಕೇಳಿ, "ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಆಳವಾಗಿ ಬಾಗಿ, ಎರಡೂ ಕೈಯಲ್ಲೇ ವಾಪಸು ಕೊಟ್ಟರು. ಅಪ್ಪನ ಮುಖ ಬಾಡಿತು. ಸಿಟ್ಟೆಲ್ಲ ಮರೆತು ನನಗೆ ಅಳು ಬಂತು.

ಗಡುವಿಗೆ ಐದು ದಿನ ಉಳಿದಿತ್ತು. ಭಾನುವಾರ ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ಅಂಚೆ ಸಾನ್, ಕೋಟು ಹಾಕಿ ಟೈ ಕಟ್ಟಿಕೊಂಡು, ಕೈಯಲ್ಲಿ ಮುದ್ರೆಯ ಪುಟ್ಟ ಡಬ್ಬಿ ಹಿಡಿದು ನಿಂತಿದ್ದರು. ನನ್ನ ಮಗಳು ಅವರ ಹತ್ತಿರ ಮನೆಯ ಕಥೆಯನ್ನೆಲ್ಲ ಒದರಿದ್ದಳು. ಅವರು ಮೇಜಿನ ಮುಂದೆ ಕೂತು ಕರಾರಿನ ಪ್ರತಿ ಪುಟ ಓದಿದರು, ಮುದ್ರೆ ಒತ್ತಿದರು, ಊದಿ ಆರಿಸಿದರು. ಅಪ್ಪನ ಕಡೆ ತಿರುಗಿ ಜಪಾನಿ ಭಾಷೆಯಲ್ಲಿ ಏನೋ ಹೇಳಿದರು.

"ಎವ್ರಿ ಡೇ ನಿಮ್ಮನ್ನ ನೋಡಿದಾರಂತೆ ತಾತಾ," ಎಂದಳು ಮಗಳು. "ಒಂದ್ ದಿನಾನೂ ಮಿಸ್ ಇಲ್ವಂತೆ. ಸೋ, ಓಕೆ ಅಂತೆ."

ಅಂಚೆ ಸಾನ್ ಕಾಫಿ ಕುಡಿದು ಹೋದ ಮೇಲೂ ಅಪ್ಪ ಆ ಕೆಂಪು ಮುದ್ರೆಯನ್ನೇ ನೋಡುತ್ತಾ ಕೂತಿದ್ದರು.

"ಎಷ್ಟ್ ಜನಕ್ಕೆ ಕಾಗದ ಕೊಟ್ಟಿದೀನಿ ನಾನು, ಲೆಕ್ಕ ಇಲ್ಲ," ಎಂದರು. "ಎಲ್ಲದ್ರಲ್ಲೂ ಒಂದೇ ಮಾತು, ಇವರು ನನಗೆ ಚೆನ್ನಾಗಿ ಪರಿಚಯ ಅಂತ. ಒಬ್ಬರ ಮುಖಾನೂ ನೆಟ್ಟಗೆ ನೋಡಿರಲಿಲ್ಲಮ್ಮ."