ತುಳಿದ ಮಂಡಕ್ಕಿ

ನಮ್ಮ ಅತ್ತಿಗೆ ನಾಗಕ್ಕನಿಗೆ ಮೋಸ ಮಾಡುವುದೇನೂ ದೊಡ್ಡ ಕೆಲಸವಲ್ಲ. ಬಾಯಿ ತುಂಬಾ ‘ಅಕ್ಕಾ’ ಅಂದರೆ ಸಾಕು, ಕರಗಿಬಿಡುತ್ತಾಳೆ. ನಾನು ಹಾಗಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಕೊಟ್ಟೂರಿನ ನಮ್ಮ ಓಣಿಗೆಲ್ಲ ಗೊತ್ತು. ಅವಳ ಕಥೆಯನ್ನು ಅವಳೇ ಹೇಳಲಿ ಅಂತ ಇಷ್ಟು ವರ್ಷ ಕಾದೆ. ಕೇಳಿದವರಿಗೆಲ್ಲ “ಹೋಗ್ಲಿ ಬಿಡು” ಅನ್ನುತ್ತಾಳೆ. ಯಾಕೆ ಬಿಡಬೇಕು? ನಾನು ಬಿಡುವುದಿಲ್ಲ.

ನಮ್ಮದು ಮಂಡಕ್ಕಿ ಭಟ್ಟಿ. ಅಣ್ಣ ಬದುಕಿದ್ದಾಗ ಅವನು ಹೆಸರಿಗೆ ಯಜಮಾನ, ಉರಿಯ ಮುಂದೆ ಕೂತು ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಿದ್ದವಳು ಅತ್ತಿಗೆಯೇ. ಅಣ್ಣ ತೀರಿಕೊಂಡ ಮೇಲೆ ಹೆಸರೂ ಅವಳದಾಯಿತು, ಅಷ್ಟೇ. ನಾನು ಗಂಡನ ಮನೆ ಬಿಟ್ಟು ಬಂದು ಬಾಗಿಲಲ್ಲಿ ನಿಂತ ದಿನ ಅವಳು ಯಾಕೆ ಅಂತ ಕೇಳಲಿಲ್ಲ, ಎಷ್ಟು ದಿನ ಅಂತಲೂ ಕೇಳಲಿಲ್ಲ. “ಬಾ ಕಲ್ಯಾಣಿ, ಕೈ ಕಾಲು ತೊಳ್ಕೋ” ಅಂದು, ಉಂಡಾದ ಮೇಲೆ ಜರಡಿ ಕೈಗೆ ಕೊಟ್ಟಳು. ಅಂದಿನಿಂದ ಮರಳು ಜರಡಿ ಹಿಡಿಯುವುದು ನನ್ನ ಕೆಲಸ.

ಗುರುಬಸವರಾಜನನ್ನೂ ಅವಳು ಹಾಗೇ ಒಳಗೆ ಕರೆದುಕೊಂಡವಳು. ಆಗ ಅವನು ಯಾರದೋ ಲಾರಿಯಲ್ಲಿ ಕ್ಲೀನರ್. ತಾಯಿ ಇಲ್ಲ, ತಂದೆಗೆ ಕುಡಿದು ಮೈಮೇಲೆ ಎಚ್ಚರವಿಲ್ಲ. ಬೆಳಗಾದರೆ ನಮ್ಮ ಭಟ್ಟಿಯ ಕಟ್ಟೆಗೆ ಬಂದು ಕೂರುತ್ತಿದ್ದ. ಅತ್ತಿಗೆ ಬಿಸಿ ಮಂಡಕ್ಕಿಗೆ ಎಣ್ಣೆ, ಖಾರ, ಹುರಿದ ಶೇಂಗಾ ಕಲಸಿ ಅವನ ಮುಂದಿಡುತ್ತಿದ್ದಳು. ಒಂದು ಕಾಳು ಕೆಳಗೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳಬೇಕು, ಅದು ನಮ್ಮ ಭಟ್ಟಿಯ ಪದ್ಧತಿ. ಅನ್ನವನ್ನು ಕಾಲಿಗೆ ಸೋಕಿಸಬಾರದು. ಅವನಿಗೂ ಅದನ್ನು ಕಲಿಸಿದವಳು ಅವಳೇ.

ತೊಂಬತ್ತೊಂದರಲ್ಲಿ ಅವನು ಸಾಲ ಮಾಡಿ ಹಳೆಯ ಲಾರಿಯೊಂದನ್ನು ತಂದ. ನಿನ್ನೆ ಮೊನ್ನೆಯ ಕ್ಲೀನರ್‌ನನ್ನು ನಂಬಿ ಸರಕು ಕೊಡುವವರು ಯಾರು? ಬಜಾರದ ತುಂಬಾ ತಿರುಗಿ, ಮುಖ ಸಣ್ಣ ಮಾಡಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತ. ಅತ್ತಿಗೆ ಒಂದು ಚೀಲ ಮಂಡಕ್ಕಿ ಹೊಲಿಸಿ, “ಮೊದಲ ಚೀಲ ನಂದು ಹಾಕು ತಮ್ಮಾ, ಬೋಣಿ ಆಗ್ಲಿ” ಅಂದಳು. ಅದೇ ರೂಢಿಯಾಯಿತು. ಪ್ರತಿವರ್ಷ ಆಯುಧಪೂಜೆಗೆ ಲಾರಿ ತೊಳೆದು ಹೂವು ಕಟ್ಟಿದ ಮೇಲೆ ಅದರೊಳಗೆ ಮೊದಲು ಏರುವುದು ನಮ್ಮ ಬೋಣಿ ಚೀಲ. ಎರಡನೆಯ ಲಾರಿ ಬಂತು, ಮೂರನೆಯದು ಬಂತು, ರೂಢಿ ತಪ್ಪಲಿಲ್ಲ.

ಅವನ ಲಾರಿ ಹಗರಿಬೊಮ್ಮನಹಳ್ಳಿ ಮೇಲೆ ಹಡಗಲಿಗೆ ಹೋಗುತ್ತಿತ್ತು. ಆಗಿನ ರಸ್ತೆ ಬಲ್ಲವರೇ ಬಲ್ಲರು, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತಿತ್ತು. ಸೋಡಾ ಬಾಟಲಿ, ಕಂದೀಲಿನ ಗಾಜು, ಮೈಲಾರದ ಕಡೆ ಹೋಗುವ ಬಳೆಯ ಪೆಟ್ಟಿಗೆ, ಎಲ್ಲ ದಾರಿಯಲ್ಲೇ ಚೂರು. ಒಡೆದದ್ದಕ್ಕೆ ದಂಡ ಕಟ್ಟಿ ಕಟ್ಟಿ ಹುಡುಗ ಸೋತು ಹೋದ. ಆಗ ಅತ್ತಿಗೆಯೇ ಹೇಳಿದ್ದು: “ನನ್ನ ಚೀಲಾನ ಪೆಟ್ಟಿಗಿ ನಡುವ ತುರುಕೋ. ಗಾದಿ ಇಟ್ಟಂಗ ಆಕ್ಕೈತಿ.” ಹಾಗೇ ಮಾಡಿದ. ಒಡೆಯುವುದು ನಿಂತಿತು. ಕುಣಿದಾಡಿಬಿಟ್ಟ ಅವನು.

“ಅಕ್ಕಾ, ನಿನ್ನ ಚೀಲಕ್ಕ ತೂಕದ ಬಾಡಿಗಿ ಅಷ್ಟ. ಎಷ್ಟು ಜಾಗ ಹಿಡದ್ರೂ ಜಾಗದ ಬಾಡಿಗಿ ತಗೊಳ್ಳಂಗಿಲ್ಲ. ನಿನ್ನ ಚೀಲದಿಂದ ನನ್ನ ಸರಕು ಉಳಿತೈತಿ” ಅಂದ. ಕೊಟ್ಟೂರೇಶನ ಆಣೆ ಬೇರೆ ಇಟ್ಟ. ಕೇಳಿದವಳು ನಾನು, ಸುಳ್ಳಾದರೆ ನನ್ನ ನಾಲಿಗೆ ಬಿದ್ದು ಹೋಗಲಿ.

ಇದು ನಿಮಗೆ ಸಣ್ಣ ಮಾತು ಅನ್ನಿಸಬಹುದು. ಮಂಡಕ್ಕಿ ಎಂಬುದು ಚೀಲ ತುಂಬಾ ಗಾಳಿ. ಆಳೆತ್ತರದ ಚೀಲವನ್ನು ನನ್ನಂಥವಳು ಒಂದೇ ಕೈಯಲ್ಲಿ ಎತ್ತಬಹುದು. ತೂಕಕ್ಕೆ ಬಾಡಿಗೆ ಹಾಕಿದರೆ ಅದು ಹಡಗಲಿ ಮುಟ್ಟಿ, ಬಡವರ ಬುಟ್ಟಿಗೆ ಬಿದ್ದು, ನಮಗೂ ಗಂಜಿಗೆ ಗಿಟ್ಟುತ್ತದೆ. ಹಿಡಿಯುವ ಜಾಗಕ್ಕೆ ಹಾಕಿದರೆ ಭಟ್ಟಿಗೆ ನೀರು ಹಾಕಿ ಮಲಗುವುದೇ. ನಮ್ಮ ಮಂಡಕ್ಕಿ ಹೆಚ್ಚಾಗಿ ಹೋಗುತ್ತಿದ್ದದ್ದೇ ಹಡಗಲಿಗೆ, ಹನುಮಣ್ಣನವರ ಅಂಗಡಿಗೆ. ಆ ಅಂಗಡಿ ಕೈಬಿಟ್ಟರೆ ನಮ್ಮ ಎರಡು ಒಲೆಯಲ್ಲಿ ಒಂದು ಆರಿದಂತೆ.

ಎರಡು ಸಾವಿರದ ನಾಲ್ಕರಲ್ಲಿ ಗುರುಬಸವರಾಜ ಆಫೀಸಿಗೆ ಗಾಜಿನ ಬಾಗಿಲು ಹಾಕಿಸಿ ಕಂಪ್ಯೂಟರ್ ತಂದ. ಅದರೊಳಗೆ ಲಾರಿಯ ವ್ಯವಹಾರಕ್ಕೇ ಮಾಡಿದ ಸಾಫ್ಟ್‌ವೇರ್ ಇದೆಯಂತೆ. ಅದನ್ನು ನಡೆಸಲು ಕೂಡ್ಲಿಗಿಯಿಂದ ಗೀತಾಂಜಲಿ ಎಂಬ ಹುಡುಗಿ ಬಂದಳು. ಸರಕು ಕಳಿಸುವವರನ್ನೆಲ್ಲ ಕರೆಸಿ, ಚಹಾ ಕೊಟ್ಟು, ಅವನೇ ವಿವರಿಸಿದ. ಒಂದು ಟ್ರಿಪ್ಪಿಗೆ ತಗುಲಿದ ಡೀಸೆಲ್ಲು, ಡ್ರೈವರ್ ಭತ್ಯೆ, ಹಮಾಲಿ ಎಲ್ಲ ಸೇರಿ ಒಂದು ಮೊತ್ತ. ಆ ಟ್ರಿಪ್ಪಿನಲ್ಲಿ ಯಾರ ಯಾರ ಸರಕು ಹೋಯಿತೋ ಅವರವರ ಪಾಲಿಗೆ ಅದನ್ನು ಹಂಚಬೇಕು. ಇಷ್ಟು ದಿನ ಅವನು ಬಾಯಲ್ಲೇ ಹಂಚುತ್ತಿದ್ದ, ಇನ್ನು ಮೇಲೆ ಕಂಪ್ಯೂಟರ್ ಹಂಚುತ್ತದೆ.

“ನಾನಾದ್ರ ಮುಖ ನೋಡ್ತೀನ್ರಿ. ಇದಕ್ಕ ಅಕ್ಕ ಇಲ್ಲ, ತಂಗಿ ಇಲ್ಲ. ಎಲ್ಲಾರಿಗೂ ಒಂದ ನ್ಯಾಯ” ಅಂದ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ನಮ್ಮ ಅತ್ತಿಗೆ. ನಮ್ಮ ಹುಡುಗ ಎಷ್ಟು ಮುಂದೆ ಬಂದ ಅಂತ ಅವಳಿಗೆ ಕಣ್ಣು ತುಂಬಿತ್ತು.

ಮೊದಲ ಬಿಲ್ಲು ಬಂದಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಾಡಿಗೆ ಮಂಡಕ್ಕಿಯ ಬೆಲೆಯನ್ನೇ ನುಂಗುವಷ್ಟಿತ್ತು. ಆಫೀಸಿಗೆ ಹೋಗಿ ಕೇಳಿದೆವು.

“ನಾ ಮಾಡಿದ್ದಲ್ಲ ಅಕ್ಕಾ. ಕಂಪ್ಯೂಟರ್ ಮಾಡೈತಿ. ಅದು ಚೀಲ ಎಷ್ಟು ಜಾಗ ಹಿಡಿತೈತಿ ಅಂತ ನೋಡ್ತೈತಿ. ನನ್ನ ಕೈಯಾಗ ಏನೈತಿ ಹೇಳು?” ಅಂದ ಗುರುಬಸವರಾಜ.

“ಅದ್ಯಾಕ ಇಲ್ಲ? ಅಂಗಡಿ ನಿಂದು, ಡಬ್ಬಿ ನಿಂದು” ಅಂತ ನಾನು ಬಾಯಿ ಹಾಕಿದೆ. ಅತ್ತಿಗೆ ನನ್ನ ರಟ್ಟೆ ಚಿವುಟಿದಳು. ಹೊರಗೆ ಬಂದ ಮೇಲೆ ನನಗೇ ಬೈಗುಳ. “ಎಲ್ಲಾರಿಗೂ ಒಂದ ನ್ಯಾಯ ಅಂದ ಮ್ಯಾಲ ನಮಗೊಂದು ಬ್ಯಾರೆ ಮಾಡು ಅಂದ್ರ ಅವಂಗ ಕಷ್ಟ ಅಲ್ಲೇನು? ನಮ್ಮ ಹುಡುಗ ಅವ.”

ಆಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಸುಟ್ಟ ಉಪಾಯ! ಜಾಗಕ್ಕೆ ಬಾಡಿಗೆಯಾದರೆ ಜಾಗ ಕಡಿಮೆ ಮಾಡೋಣ, ಎರಡು ಚೀಲದ ಮಂಡಕ್ಕಿಯನ್ನು ಒಂದರಲ್ಲಿ ಒತ್ತಿ ತುಂಬೋಣ ಅಂದಳು. ಕೈಯಲ್ಲಿ ಒತ್ತಿದೆವು, ಇಳಿಯಲಿಲ್ಲ. ಒನಕೆಯ ಹಿಂಬದಿಯಿಂದ ಒತ್ತಿದೆವು, ಚೀಲ ಹರಿಯಿತು. ಕೊನೆಗೆ ಅತ್ತಿಗೆ ಕಾಲು ತೊಳೆದು, ಮಡಿ ಬಟ್ಟೆ ಸುತ್ತಿಕೊಂಡು, ಗೋಡೆ ಹಿಡಿದು ಚೀಲದೊಳಗೆ ಇಳಿದಳು. ಒಂದೊಂದು ಸಲ ತುಳಿದಾಗಲೂ “ತಪ್ಪಾತವ್ವಾ, ತಪ್ಪಾತು” ಅಂತ ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು. ನನಗೆ ನೋಡಲಾಗದೆ ಮುಖ ತಿರುಗಿಸಿದೆ. ಬಾಗಿಲಲ್ಲಿ ಗುರುಬಸವರಾಜ ನಿಂತಿದ್ದ. ಈ ಕಡೆ ಏನೋ ಕೆಲಸಕ್ಕೆ ಬಂದಿದ್ದನೇನೋ. ಅತ್ತಿಗೆ ಅವನನ್ನು ನೋಡಿ ನಾಚಿಕೊಂಡು ನಕ್ಕಳು. “ನೋಡೋ ತಮ್ಮಾ, ನಿನ್ನ ಕಂಪ್ಯೂಟರ್ ನನ್ನ ಕೈಲಿ ಏನು ಮಾಡ್ಸಾಕತ್ತೈತಿ” ಅಂದಳು. ಅವನೂ ಒಂದಿಷ್ಟು ನಕ್ಕಂತೆ ಮಾಡಿ, “ಬರ್ತೀನಕ್ಕಾ” ಅಂದು ಹೋದ.

ತುಳಿದ ಮಂಡಕ್ಕಿ ಏನಾಗುತ್ತದೆ? ನುಚ್ಚು, ಹಿಟ್ಟು. ಹಡಗಲಿಯಿಂದ ಹನುಮಣ್ಣನವರು ನಮ್ಮ ಮನೆ ಎದುರಿನ ಅಂಗಡಿಗೆ ಫೋನು ಮಾಡಿ, “ನಾಗಕ್ಕಾರ ಮಂಡಕ್ಕಿ ಅಂದ್ರ ಜನ ಕಣ್ಣು ಮುಚ್ಚಿ ಒಯ್ತಿದ್ರು. ಈಗ ವಾಪಸ್ ತಂದು ಒಗೀತಾರ್ರಿ. ಇನ್ನ ಕಳಿಸಬ್ಯಾಡ್ರಿ” ಅಂದರು. ಆ ರಾತ್ರಿ ಅತ್ತಿಗೆ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು, ಮುಖಾಮುಖಿ ಕೇಳಿಕೊಳ್ಳೋಣ ಅಂತ ನನ್ನನ್ನೂ ಕರೆದುಕೊಂಡು ಹಡಗಲಿ ಬಸ್ಸು ಹತ್ತಿದಳು.

ನಾವು ಹನುಮಣ್ಣನವರ ಅಂಗಡಿ ಮುಟ್ಟುವ ಹೊತ್ತಿಗೆ ಗುರುಬಸವರಾಜನ ಲಾರಿ ಅಲ್ಲೇ ನಿಂತಿತ್ತು. ಡ್ರೈವರ್ ಜಮಾಲುದ್ದೀನ ಹಿಂದಿನ ಹಲಗೆ ಬಿಚ್ಚುತ್ತಿದ್ದ. ಅವನು ಮೊದಲಿನಿಂದಲೂ ಆ ಲಾರಿಯವನು, ನಮ್ಮ ಕಟ್ಟೆಯ ಮೇಲೆ ಕೂತು ತಿಂದವನೇ. ಸೋಡಾ ಪೆಟ್ಟಿಗೆಗಳ ನಡುವಿನಿಂದ ಹಮಾಲರು ಮಂಡಕ್ಕಿ ಚೀಲ ಎಳೆದು ಎಳೆದು ಇಳಿಸುತ್ತಿದ್ದರು. ಉಬ್ಬಿದ, ಆಳೆತ್ತರದ, ಯಾರೂ ತುಳಿಯದ ಚೀಲಗಳು. ನಮ್ಮವಲ್ಲ.

“ಯಾರ್ವಿವು?” ಅಂದಳು ಅತ್ತಿಗೆ.

“ಸೋಮಶೇಖರ್ ಅಂತ, ಹಗರಿಬೊಮ್ಮನಹಳ್ಳ್ಯಾಗ ಹೊಸಾ ಭಟ್ಟಿ ಹಾಕ್ಯಾನ್ರಿ. ನಿಮ್ಮ ಗುರುಬಸವರಾಜನ ಹೆಂಡ್ತಿ ತಮ್ಮ. ನಿಮಗ ಗೊತ್ತಿಲ್ಲೇನು?” ಅಂದರು ಹನುಮಣ್ಣನವರು.

“ಬಾಡಿಗಿ ಹೆಂಗ್ರಿ ಇವುಕ್ಕ?”

“ತೂಕದ ಮ್ಯಾಲ. ಮಂಡಕ್ಕಿಗೆ ಯಾವಾಗ್ಲೂ ಹಂಗ ಅಲ್ಲೇನ್ರಿ?”

ಅತ್ತಿಗೆ ಜಮಾಲುದ್ದೀನನ ಕಡೆ ತಿರುಗಿದಳು. ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಿ ನೆಲ ನೋಡಿದ. “ಹೇಳಬೇಕಿತ್ತಕ್ಕಾ. ನೌಕರಿ ಹೋಗ್ತೈತಂತ ಬಾಯಿ ಮುಚಿಗೊಂಡೆ. ಮಾಫ್ ಮಾಡ್ರಿ” ಅಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೇ ಆಗಲಿಲ್ಲ ಅಂದರೆ ನೋಡಿ.

ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತಿಗೆ ಒಂದೇ ಮಾತಾಡಿದ್ದು. “ಕಂಪ್ಯೂಟರ್ ಏನರ ತಪ್ಪು ಮಾಡಿರ್ಬೇಕು ಕಲ್ಯಾಣಿ.” ಅಯ್ಯೋ ನನ್ನ ಹುಚ್ಚು ಅತ್ತಿಗೇ! ಇಷ್ಟಾದ ಮೇಲೂ ಅವಳು ಆ ಡಬ್ಬಿಯನ್ನೇ ಬೈಯುತ್ತಿದ್ದಳು, ಅವನನ್ನಲ್ಲ.

ಬಸ್ಸಿಳಿದು ನೇರವಾಗಿ ಆಫೀಸಿಗೆ ಹೋದೆವು. ಅತ್ತಿಗೆ ಗೀತಾಂಜಲಿಯ ಪಕ್ಕ ನಿಂತು, ತನ್ನ ಮಗಳನ್ನು ಕೇಳುವ ಹಾಗೆ ಮೆತ್ತಗೆ ಕೇಳಿದಳು. “ಇದರಾಗ ತೂಕದ ಲೆಕ್ಕಾನೂ ಐತೇನವ್ವಾ?”

“ಐತ್ರಿ ಅಮ್ಮಾರ. ತೂಕದ ಮ್ಯಾಲೂ ಹಂಚಬೌದು, ಜಾಗದ ಮ್ಯಾಲೂ ಹಂಚಬೌದು. ಯಾರ ಹೆಸರಿಗೆ ಯಾವ್ದು ಅಂತ ನಾವು ಹೇಳಿದಂಗ ಅದು ಮಾಡ್ತೈತಿ.”

“ನನ್ನ ಹೆಸರಿಗೆ ಯಾವ್ದು?”

“ಜಾಗದ ಮ್ಯಾಲ ರೀ. ಮಂಡಕ್ಕ್ಯಾಗ ನಿಮ್ಮದೊಂದ ಹಂಗ ಐತಿ. ಸಾಹೇಬ್ರು ಮೊದಲ ದಿನಾನ ಹೇಳಿ ಹಾಕ್ಸ್ಯಾರ.” ಪಾಪ, ಆ ಹುಡುಗಿಗೆ ಏನು ಗೊತ್ತು? ನಮಗೆ ತಿಳಿದದ್ದೇ ಅಂದುಕೊಂಡು ಹೇಳಿದಳು.

ಒಳಗಿನ ಕುರ್ಚಿಯಿಂದ ಗುರುಬಸವರಾಜ ಎದ್ದು ಬಂದ. ಎಲ್ಲ ಕೇಳಿಸಿತ್ತು ಅವನಿಗೆ. “ಮನ್ಯಾಗ ಒಂದ ಸಮನ ಗಂಟುಬಿದ್ರು ಅಕ್ಕಾ. ಬಾಮೈದ ಹೊಸದಾಗಿ ಭಟ್ಟಿ ಹಾಕ್ಯಾನ, ಹಡಗಲಿ ಅಂಗಡಿ ಅವಂಗ ಸಿಗ್ಲಿ ಅಂದ್ರು. ನಿಂಗ ಹೆಂಗೂ ಕೊಟ್ಟೂರು ಸಂತಿ ಐತಿ, ನಡೀತೈತಿ ಅನಕೊಂಡೆ” ಅಂದ.

ಕಂಪ್ಯೂಟರ್‌ಗೆ ಅಕ್ಕ ಇಲ್ಲವಂತೆ, ತಂಗಿ ಇಲ್ಲವಂತೆ. ಬಾಮೈದ ಮಾತ್ರ ಇದ್ದಾನೆ! ನನ್ನ ಮೈ ಉರಿದು ಹೋಯಿತು. ಉಂಡ ಮನೆಯ ಒಲೆ ಆರಿಸಿದೆಯಲ್ಲೋ, ನಿನ್ನ ಆಣೆಗಿಷ್ಟು ಬೆಂಕಿ ಹಾಕ ಅಂತ ಬಜಾರಕ್ಕೆಲ್ಲ ಕೇಳುವ ಹಾಗೆ ಬೈದೆ. ಇನ್ನೂ ಏನೇನು ಅಂದೆನೋ, ಇಲ್ಲಿ ಬರೆಯುವಂಥದ್ದಲ್ಲ. ಅತ್ತಿಗೆ ಅವನನ್ನು ಹೊಸದಾಗಿ ನೋಡುತ್ತಿದ್ದವಳ ಹಾಗೆ ನೋಡಿ, “ನಡಿ ಕಲ್ಯಾಣಿ” ಅಂದಳು.

ಹಡಗಲಿ ಹೋಯಿತು. ಒಂದು ಒಲೆ ಆರಿತು. ಕೆಲಸಕ್ಕೆ ಬರುತ್ತಿದ್ದ ಜಂಬಕ್ಕನಿಗೆ ನಾಳೆಯಿಂದ ಬರಬೇಡ ಅಂತ ಅತ್ತಿಗೆಯೇ ಹೇಳಬೇಕಾಯಿತು. ಉಳಿದ ಒಲೆಯ ಮಂಡಕ್ಕಿ ಕೊಟ್ಟೂರಿನ ಸಂತೆಗೂ ಮಿರ್ಚಿ ಅಂಗಡಿಗಳಿಗೂ ಸರಿಹೋಗುತ್ತಿತ್ತು.

ಆ ವರ್ಷದ ಆಯುಧಪೂಜೆಗೆ ಗುರುಬಸವರಾಜ ನಾಲ್ಕನೆಯ ಲಾರಿ ತಂದಿದ್ದ, ಹೊಚ್ಚ ಹೊಸದು. ಬರುವುದಿಲ್ಲ ಅಂದುಕೊಂಡಿದ್ದೆ, ಬಂದ. ಹಣೆಗೆ ಕುಂಕುಮ ಇಟ್ಟುಕೊಂಡು ಬಾಗಿಲ ಹೊರಗೇ ನಿಂತ. “ಅಕ್ಕಾ, ಸಿಟ್ಟಿದ್ರ ಇರ್ಲಿ. ನಿನ್ನ ಬೋಣಿ ಚೀಲ ಇಲ್ದ ಒಂದ ಲಾರೀನೂ ನಾ ಎಬ್ಬಿಸಿಲ್ಲ. ಇದೊಂದು ಇಲ್ಲ ಅನ್ನಬ್ಯಾಡ” ಅಂದ. ಹೆದರಿಕೆ ಅವನಿಗೆ. ಮೋಸ ಮಾಡುವಾಗ ಇಲ್ಲದ ಹೆದರಿಕೆ ಚೀಲ ಕೇಳುವಾಗ ಬಂದಿತ್ತು. ನಾನು ಪೊರಕೆ ಹುಡುಕಿದೆ.

ಅತ್ತಿಗೆ ಒಳಗೆ ಹೋದಳು. ಕತ್ತಲ ಮೂಲೆಯಿಂದ ಒಂದು ಚೀಲವನ್ನು ಎಳೆದು ತಂದು ಹೊಸ್ತಿಲಲ್ಲಿ ನಿಲ್ಲಿಸಿದಳು. ಗಿಡ್ಡದಾಗಿ, ಗಟ್ಟಿಯಾಗಿ, ಕಲ್ಲಿನಂತಿತ್ತು. ಹಡಗಲಿಯಿಂದ ವಾಪಸ್ ಬಂದ ಚೀಲ, ಅವಳೇ ತುಳಿದು ತುಂಬಿದ್ದು.

“ಇದನ್ನ ಹಾಕ್ಕೋ ತಮ್ಮಾ” ಅಂದಳು. “ಜಾಗ ಕಡಿಮಿ ಹಿಡಿತೈತಿ.”

ಅವನು ಚೀಲ ಮುಟ್ಟಿ, ಏನೆಂದು ಗೊತ್ತಾಗಿ, ಕೈ ಹಿಂದಕ್ಕೆ ತೆಗೆದುಕೊಂಡ. ಆಗ ಅತ್ತಿಗೆಯ ದನಿ ಒಡೆಯಿತು. ಅಷ್ಟು ವರ್ಷದಲ್ಲಿ ಅವಳು ದನಿ ಎತ್ತಿದ್ದನ್ನು ಕೇಳಿದ್ದು ಅದೊಂದೇ ಸಲ.

“ಹಡಗಲಿ ನಿನ್ನ ಬಾಮೈದಗ ಬೇಕಾಗಿತ್ತಂದ್ರ ಕೇಳಿದ್ರ ನಾನ ಕೊಡ್ತಿದ್ನಲ್ಲೋ. ಅದಕ್ಕ ಅಳಂಗಿಲ್ಲ ನಾ. ಆವತ್ತು ಈ ಬಾಗಲಾಗ ನಿಂತಿದ್ದಿ. ನಾ ಅನ್ನ ತುಳಿಯೋದ ನೋಡಿದಿ. ನಿನ್ನ ಒಂದು ಮಾತಿನಾಗ ಇತ್ತು, ಅಕ್ಕಾ ಇಳಿ ಅಂದಿದ್ರ ಸಾಕಿತ್ತು. ನಕ್ಕು ಹೋದ್ಯಲ್ಲೋ!”

ಅವನು ಚೀಲವನ್ನೂ ಒಯ್ಯಲಿಲ್ಲ, ಇನ್ನೊಂದನ್ನೂ ಕೇಳಲಿಲ್ಲ. ಹೊಸ ಲಾರಿ ಆ ದಿನ ಬೋಣಿಯಿಲ್ಲದೆ ಹೋಯಿತು ಅಂತ ಆಮೇಲೆ ಜಮಾಲುದ್ದೀನ ಹೇಳಿದ.

ಅತ್ತಿಗೆ ಹೊಸ್ತಿಲಲ್ಲೇ ಕೂತು ಚೀಲದ ಹೊಲಿಗೆ ಬಿಚ್ಚಿದಳು. ಒಂದು ಹಿಡಿ ನುಚ್ಚು ತೆಗೆದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನನಗೂ ಒಂದು ಹಿಡಿ ಕೊಟ್ಟಳು. ಮುಗ್ಗಲು ವಾಸನೆ ಬರುತ್ತಿತ್ತು. ಇಬ್ಬರೂ ತಿಂದೆವು.