ಸೀಟು ಹಿಡಿಯುವವನು

ಬಡಗಿಗೆ ಊರವರು ಇಟ್ಟ ಅಡ್ಡಹೆಸರು ಇಕ್ಕಳ. ಹಿಡಿದದ್ದನ್ನು ಬಿಡದವನು ಎಂದು. ಮದುವೆಯ ವಿಷಯದಲ್ಲಿ ಮಾತ್ರ ಅವನು ಯಾರನ್ನೂ ಹಿಡಿದವನಲ್ಲ. ಅರವತ್ತೊಂದರಲ್ಲಿ ಇನ್ನು ಹಿಡಿಯುವ ಲಕ್ಷಣವೂ ಇರಲಿಲ್ಲ. ಮರಗೆಲಸದ ಅಂಗಡಿಯ ಹಿಂದೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ, ಎರಡು ಕುರ್ಚಿ. ಎರಡನೆಯದು ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಲು ಯಾರಾದರೂ ಬರಬೇಕಲ್ಲ.

ವರ್ಷಕ್ಕೊಂದು ದಿನ ಮಾತ್ರ ಅವನು ಬೇಕಾದವನು. ದೇಶ ದೇಶಗಳ ಹದಿನೇಳು, ಹದಿನೆಂಟರ ಹುಡುಗಿಯರು ಸೈಕಲ್ ತಂದು ಗಡಿಯಾರದ ಜೊತೆ ಜಿದ್ದಿಗೆ ಬೀಳುವ ಪಂದ್ಯ ಆ ಊರಿನಲ್ಲಿ ನಡೆಯುತ್ತದೆ. ನಿಮಿಷಕ್ಕೊಬ್ಬಳಂತೆ ಒಬ್ಬೊಬ್ಬಳೇ ಹೊರಡಬೇಕು, ಹದಿನಾರು ಕಿಲೋಮೀಟರು ಒಂಟಿಯಾಗಿ ತುಳಿಯಬೇಕು, ಕಡಿಮೆ ಸಮಯದಲ್ಲಿ ಮುಗಿಸಿದವಳು ಗೆದ್ದಳು. ಹೊರಡುವುದು ಎತ್ತರದ ಮರದ ಇಳಿಜಾರಿನಿಂದ. ಇಪ್ಪತ್ತೆಂಟು ವರ್ಷದ ಹಿಂದೆ ಅದನ್ನು ಕಟ್ಟಲು ಇವನನ್ನು ಕರೆಸಿದ್ದರು. ಅವತ್ತು ಹೊರಡುವವರ ಸೈಕಲ್ ಸೀಟು ಹಿಡಿಯಬೇಕಾದ ಮಹಾಶಯ ಪತ್ತೆಯೇ ಇಲ್ಲ. "ಸ್ವಲ್ಪ ಹಿಡ್ಕೊಳ್ತೀರಾ?" ಅಂದರು. ಹಿಡಿದ. ಅಂದಿನಿಂದ ಹಿಡಿಯುತ್ತಲೇ ಇದ್ದಾನೆ.

ಹುಡುಗಿ ಎರಡೂ ಪಾದಗಳನ್ನು ಪೆಡಲಿಗೆ ಸಿಕ್ಕಿಸಿಕೊಂಡು ಕೂರುತ್ತಾಳೆ. ಅವಳು ವಾಲದಂತೆ ಹಿಂದಿನಿಂದ ಬಗ್ಗಿ ಸೀಟು ಹಿಡಿದಿರಬೇಕು. ಪಕ್ಕದಲ್ಲಿ ನಿಂತ ಪಂದ್ಯದ ಅಧಿಕಾರಿಣಿ ಐದರಿಂದ ಎಣಿಸಿ ಮುಗಿಸಿದ ಕೂಡಲೇ ಬಿಡಬೇಕು. ತಳ್ಳುವಂತಿಲ್ಲ, ತಡಮಾಡುವಂತಿಲ್ಲ. ಸಾವಿರಕ್ಕೂ ಹೆಚ್ಚು ಬೆನ್ನುಗಳನ್ನು ಅವನು ನೋಡಿದ್ದಾನೆ, ಮುಖ ಒಂದೂ ನೆನಪಿಲ್ಲ. ಹೋದವರು ತಿರುಗಿ ನೋಡುವುದಿಲ್ಲ. ಪಂದ್ಯ ಮುಗಿಯುವುದು ಊರಿನ ಇನ್ನೊಂದು ತುದಿಯಲ್ಲಿ. ಆದರೂ ಆ ಒಂದು ನಿಮಿಷ ಒಂದು ಜೀವದ ಪೂರ್ತಿ ಭಾರ ಅವನ ಕೈಯಲ್ಲಿರುತ್ತಿತ್ತು. ಉಳಿದ ದಿನಗಳಲ್ಲಿ ಅವನ ಕೈಗೆ ಸಿಗುತ್ತಿದ್ದುದು ಮರ ಮಾತ್ರ.

ಈ ವರ್ಷ ಚಳಿಗಾಲದಲ್ಲಿ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ಭರವಸೆ ಕೊಡಲಿಲ್ಲ. ಭಾನುವಾರದ ಫೋನಿನಲ್ಲಿ ಅಕ್ಕನಿಗೆ ಹೇಳಿದ.

"ಅವರಿಗೆ ಹೇಳ್ಬಿಡೋ," ಅಂದಳು ಅಕ್ಕ. "ಯಾವ ಹುಡುಗಿಯಾದ್ರೂ ಬಿದ್ರೆ?"

"ಹೇಳಿದ್ರೆ ಮುಂದಿನ ವರ್ಷ ಕರೆಯಲ್ಲ ಅಕ್ಕಾ."

"ಕರೆಯದಿದ್ರೆ ಏನಾಗುತ್ತೆ?"

ಏನೂ ಆಗುವುದಿಲ್ಲ. ವರ್ಷದ ಎಲ್ಲ ದಿನಗಳೂ ಒಂದೇ ಥರ ಆಗುತ್ತವೆ, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಾಯಿತು.

ಬಡಗಿಯ ಬುದ್ಧಿ ಎಲ್ಲಿ ಹೋಗುತ್ತದೆ! ಪ್ರತಿವರ್ಷ ಬಿಚ್ಚಿಡುವ ಇಳಿಜಾರನ್ನು ಈ ಸಲ ಜೋಡಿಸುವಾಗ ಪಕ್ಕದ ಕಟಕಟೆಯನ್ನು ನಾಲ್ಕು ಅಂಗುಲ ಎತ್ತರಿಸಿದ. ಮೊಣಕೈಯನ್ನು ಅದರ ಮೇಲೆ ಒತ್ತಿ ನಿಂತರೆ ನಡುಕ ಅಡಗುತ್ತಿತ್ತು. ಅಧಿಕಾರಿಣಿ ಕೇಳಿದಾಗ "ಸುರಕ್ಷತೆಗೆ" ಅಂದ. ಆಕೆ ಮೆಚ್ಚಿ ತಲೆಯಾಡಿಸಿದರು. ಆ ಮೆಚ್ಚುಗೆ ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು.

ಪಂದ್ಯದ ದಿನ ಮೂವತ್ತೇಳು ಹುಡುಗಿಯರು ಸಲೀಸಾಗಿ ಹೋದರು. ಮೂವತ್ತೆಂಟನೆಯವಳು ಇದೇ ದೇಶದವಳು, ಕುಳ್ಳಿ. ಅವಳ ಸೈಕಲ್ ಚಿಕ್ಕದು, ಸೀಟು ತಗ್ಗು. ಹಿಡಿಯಲು ಬಗ್ಗಿದ ಕೂಡಲೇ ಮೊಣಕೈ ಕಟಕಟೆಯಿಂದ ಕೆಳಗೆ ಜಾರಿತು. ಎಲ್ಲರ ಅಳತೆಗೂ ಕಟ್ಟಿದ್ದ, ಇಂಥವಳೊಬ್ಬಳು ಬರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಕೈ ನಡುಗತೊಡಗಿತು. ಎಡಗೈಯನ್ನೂ ಸೇರಿಸಿ ಅದುಮಿ ಹಿಡಿದ. ಸೈಕಲ್ ಬೀಳುವಂತಿರಲಿಲ್ಲ, ಆದರೆ ಸಣ್ಣಗೆ ಅದುರುತ್ತಿತ್ತು.

"ಮೂವತ್ತು ಸೆಕೆಂಡು," ಅಂದರು ಅಧಿಕಾರಿಣಿ.

"ನಾನು ನಡುಗ್ತಿದೀನಿ," ಅಂದಳು ಹುಡುಗಿ, ಯಾರಿಗೂ ಅಲ್ಲ ಎಂಬಂತೆ. "ನೋಡಿ, ಸೈಕಲ್ಲೇ ನಡುಗ್ತಿದೆ. ನನ್ನ ಕೈಲಾಗಲ್ಲ ಇದು."

ಅವಳ ಬೆನ್ನು ಬಿಗಿದು ಹಲಗೆಯಾಗಿತ್ತು. ಅಧಿಕಾರಿಣಿ ಮೊಳ ದೂರದಲ್ಲೇ ನಿಂತಿದ್ದರು. ಇಕ್ಕಳ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಇನ್ನು ಇಪ್ಪತ್ತು ಸೆಕೆಂಡಿಗೆ ಇವಳೂ ಹೋಗಿಬಿಡುತ್ತಾಳೆ, ಹದಿನಾರು ಕಿಲೋಮೀಟರೂ ತನ್ನನ್ನು ಹೇಡಿ ಎಂದುಕೊಂಡು. ಯಾರಿಗೆ ಗೊತ್ತಾಗುತ್ತದೆ?

"ನೀನಲ್ಲ ಮಗಳೇ," ಅಂದ. ದನಿ ಬೇಕೆಂದದ್ದಕ್ಕಿಂತ ಜೋರಾಗಿ ಬಂತು. "ನಡುಗ್ತಿರೋದು ನನ್ನ ಕೈ. ಕಾಯಿಲೆ. ನೀನು ಗಟ್ಟಿಯಾಗೇ ಕೂತಿದೀಯ."

ಅಧಿಕಾರಿಣಿಯ ಕತ್ತು ತಿರುಗಿತು. ಹುಡುಗಿ ಒಂದು ಉಸಿರು ಬಿಟ್ಟಳು, ಬೆನ್ನು ಸಡಿಲವಾಯಿತು. ಐದು, ನಾಲ್ಕು, ಮೂರು, ಎರಡು, ಒಂದು. ಅವನು ಬಿಟ್ಟ. ಅವಳು ನೂಲು ಹಿಡಿದ ಹಾಗೆ ನೆಟ್ಟಗೆ ಇಳಿದು ತಿರುವಿನಲ್ಲಿ ಮರೆಯಾದಳು. ಖಾಲಿ ಕೈ ಎಲ್ಲರ ಮುಂದೆ ನಡುಗುತ್ತಿತ್ತು.

"ಸಾಕು, ಕೆಳಗೆ ಇಳೀರಿ," ಅಂದರು ಅಧಿಕಾರಿಣಿ. ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಯಾವುದೋ ತಂಡದ ಮೆಕ್ಯಾನಿಕ್ ಬಂದು ಉಳಿದ ನಾಲ್ವರ ಸೀಟು ಹಿಡಿದ.

ಇಕ್ಕಳ ಇಳಿಜಾರಿನ ಬುಡದಲ್ಲಿ ನಿಂತ. ಅಲ್ಲಿಂದ ಮೊದಲ ಬಾರಿಗೆ ಮುಖಗಳು ಕಂಡವು. ಒಬ್ಬಳು ತುಟಿ ಕಚ್ಚಿಕೊಂಡಿದ್ದಳು. ಒಬ್ಬಳ ಕಣ್ಣು ತುಂಬಿತ್ತು. ಎಷ್ಟು ಎಳೆಯ ಮಕ್ಕಳು! ಇಷ್ಟು ವರ್ಷ ಇಷ್ಟೊಂದು ಭಯವನ್ನು ಹಿಡಿದುಕೊಂಡಿದ್ದೆನಲ್ಲ, ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡ. ಅವರು ರಸ್ತೆಯನ್ನು ನೋಡುತ್ತಿದ್ದರು, ಅವನನ್ನಲ್ಲ.

ಎಲ್ಲ ಮುಗಿದು ಜನ ಇನ್ನೊಂದು ತುದಿಗೆ ಓಡಿದ ಮೇಲೆ ಅವನೊಬ್ಬನೇ ಉಳಿದ. ಗರಗಸ ತೆಗೆದು, ಎಡಗೈಯಿಂದ ನಿಧಾನವಾಗಿ, ಕಟಕಟೆಯ ಕಂಬಗಳನ್ನು ನಾಲ್ಕು ಅಂಗುಲ ಕೊಯ್ದು ಮೊದಲಿನ ಎತ್ತರಕ್ಕೆ ತಂದ. ಹಾಗೇ ಬಿಟ್ಟಿದ್ದರೆ ಮುಂದಿನ ವರ್ಷ ಹಿಡಿಯುವವನಿಗೆ ಅಡ್ಡವಾಗುತ್ತಿತ್ತು.